ಪಾದದ ಮೇಲಿನ ನಾಡಿ

ಸೋಮವಾರ ಬೆಳಿಗ್ಗೆ ಎಂಟರ ಸುಮಾರಿಗೆ ಮೆಡಿಕಲ್ ಶಾಪಿನ ಮಾಲೀಕ ದೂರು ಕೊಡಲು ಠಾಣೆಗೆ ಬಂದ. ಸೊತ್ತು ಕಳವಾದವರ ಮುಖ ಹೇಗಿರುತ್ತದೆ ಎಂಬುದು ಇನ್‌ಸ್ಪೆಕ್ಟರಿಗೆ ಸರ್ವೀಸಿನಲ್ಲಿ ನೋಡಿ ನೋಡಿ ಗೊತ್ತಿತ್ತು. ಇವನ ಮುಖ ಹಾಗಿರಲಿಲ್ಲ. ಸಿಟ್ಟಿತ್ತು, ಸಂಕಟವಿರಲಿಲ್ಲ.

"ಏನು ಹೋಯ್ತು?"

"ಸಿಸಿ ಕ್ಯಾಮೆರಾದ ಡಬ್ಬ ಸಾರ್. ರೆಕಾರ್ಡ್ ಆಗತ್ತಲ್ಲ, ಅದು."

"ಗಲ್ಲಾಪೆಟ್ಟಿಗೆ?"

"ಮುಟ್ಟಿಲ್ಲ."

"ನಿದ್ರೆ ಮಾತ್ರೆ, ಕೆಮ್ಮಿನ ಸಿರಪ್ಪು?"

"ಒಂದು ಬಾಟ್ಲೂ ಅಲುಗಿಲ್ಲ. ಆದ್ರೆ ಹಿಂದಿನ ಕೋಣೆ ಪೂರ್ತಿ ರಕ್ತ ಸಾರ್. ಕೋಳಿ ಕೊಯ್ದ ಹಾಗಿದೆ."

ಹೆಡ್ ಕಾನ್‌ಸ್ಟೇಬಲ್ ದೂರನ್ನು ಬರೆದುಕೊಂಡ. ಠಾಣೆಯ ಬಾಗಿಲಿಗೆ ತಲೆ ತಗುಲುವಷ್ಟು ಎತ್ತರದ ಆಳು; ಊರೆಲ್ಲ ಅವನನ್ನು ಉದ್ದಣ್ಣ ಎನ್ನುತ್ತಿತ್ತು. ಎಫ್‌ಐಆರ್ ದಾಖಲಾಯಿತು. ಇಬ್ಬರೂ ಜೀಪು ಹತ್ತಿದರು. ಡಬ್ಬ ಎಂಬ ಮಾತು ಬಂದಾಗಿನಿಂದ ಉದ್ದಣ್ಣ ಯಾಕೋ ಬಾಯಿಗೆ ಬೀಗ ಹಾಕಿಕೊಂಡಿದ್ದ. ಇನ್‌ಸ್ಪೆಕ್ಟರ್ ಅದನ್ನು ಆಗ ಗಮನಿಸಲಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಔಷಧಿಯ ರಟ್ಟಿನ ಪೆಟ್ಟಿಗೆಗಳು, ಎದೆಯೆತ್ತರದಲ್ಲಿ ಒಂದು ಕಿಟಕಿ, ಗಲ್ಲಿಗೆ ತೆರೆಯುವ ಒಂದು ಬಾಗಿಲು. ಕಿಟಕಿಯ ಗಾಜು ಒಡೆದಿತ್ತು. ಕಳ್ಳ ಗಾಜು ಒಡೆದು, ಕೈ ತೂರಿಸಿ ಚಿಲಕ ತೆಗೆದು ಒಳಗಿಳಿದಿದ್ದ. ಬಂದ ದಾರಿಯಲ್ಲೇ ಹೊರಡಲು ಪೆಟ್ಟಿಗೆಗಳ ಮೇಲೆ ಹತ್ತಿದ್ದಾನೆ. ಒಂದು ಕಾಲನ್ನು ಕಿಟಕಿಯ ಮೇಲಿಟ್ಟಾಗ ಕೆಳಗಿನ ಪೆಟ್ಟಿಗೆ ಕುಸಿದಿದೆ. ಚೌಕಟ್ಟಿನಲ್ಲಿ ಚೂರಿಯಂತೆ ನಿಂತಿದ್ದ ಗಾಜು ಕಾಲಿಗೆ ಇಳಿದಿದೆ. ಆಮೇಲೆ ಬಾಗಿಲಿನ ಅಗುಳಿ ತೆಗೆದು ಹೊರಗೆ ಹೋಗಿದ್ದಾನೆ. ಅಗುಳಿಯ ಮೇಲೆ ಐದು ಬೆರಳೂ ಮೂಡಿದ್ದವು.

ಪಕ್ಕದ ಫೋಟೋ ಸ್ಟುಡಿಯೋದವನನ್ನೂ ಎದುರಿನ ಸೈಕಲ್ ರಿಪೇರಿಯವನನ್ನೂ ಪಂಚರಾಗಿ ಕರೆದು ಪಂಚನಾಮೆ ನಡೆಸಿದರು. ಗಾಜಿನ ಚೂರನ್ನು ಕಾಗದದಲ್ಲಿ ಸುತ್ತಿ ಸೀಲ್ ಮಾಡಿದರು. ಸುಣ್ಣದ ಗೋಡೆಯ ಮೇಲೆ ರಕ್ತ ಚಿಮ್ಮಿದ ಗುರುತು ವಿಚಿತ್ರವಾಗಿತ್ತು. ಚೆಲ್ಲಿದ ಹಾಗಿರಲಿಲ್ಲ, ಅಲೆ ಅಲೆಯಾಗಿ ಏರಿ, ಇಳಿದು, ಮತ್ತೆ ಏರಿತ್ತು. ನೆಲದ ಮೇಲಿನ ಹೆಜ್ಜೆಗಳಲ್ಲಿ ಎಡಗಾಲು ಸರಿಯಾಗಿತ್ತು. ಬಲಗಾಲಿನ ಗುರುತು ಮಾತ್ರ ಪ್ರತಿ ಸಲವೂ ಬೆರಳಿನ ತುದಿಯಲ್ಲಿ ಗೀರು ಎಳೆದಿತ್ತು. ಹನಿಗಳು ಗಲ್ಲಿಯ ಕೊನೆಯ ನಲ್ಲಿಯವರೆಗೆ ಹೋಗಿದ್ದವು. ಆಚೆಗೆ ಒಂದು ಹನಿಯೂ ಇರಲಿಲ್ಲ.

"ತೊಳ್ಕೊಂಡು ಕಟ್ಟು ಹಾಕಿದಾನೆ," ಎಂದರು ಇನ್‌ಸ್ಪೆಕ್ಟರ್. "ನಡಿ, ಆಸ್ಪತ್ರೆಗೆ. ಇಷ್ಟು ರಕ್ತ ಹೋದೋನು ಬೇರೆಲ್ಲಿಗೆ ಹೋಗ್ತಾನೆ?"

ಸರ್ಕಾರಿ ಆಸ್ಪತ್ರೆಗೆ ಅಂಥವರು ಯಾರೂ ಬಂದಿರಲಿಲ್ಲ. ಸರ್ಜನ್ ಡಾಕ್ಟರಮ್ಮ ಆಪರೇಷನ್ ಕೋಣೆಯಿಂದ ಆಗಷ್ಟೇ ಹೊರಬಂದು ಕೈ ಒರೆಸಿಕೊಳ್ಳುತ್ತಿದ್ದರು. ಇನ್‌ಸ್ಪೆಕ್ಟರ್ ತೋರಿಸಿದ ಫೋಟೋಗಳನ್ನು ಮೊದಲು ಅರೆಮನಸ್ಸಿನಿಂದ ನೋಡಿದರು, ಆಮೇಲೆ ಫೋನನ್ನೇ ಕಿತ್ತುಕೊಂಡರು.

"ಇದು ಚರ್ಮ ಕೊಯ್ದ ರಕ್ತ ಅಲ್ಲ. ಅಪಧಮನಿಯದು. ಈ ಒಂದೊಂದು ಅಲೆನೂ ಎದೆಯ ಒಂದೊಂದು ಬಡಿತ. ಗಾಜು ಎಷ್ಟು ಒಳಗೆ ಹೋಗಿತ್ತು?"

"ಎರಡು ಬೆರಳಗಲ ರಕ್ತ ಹತ್ತಿದೆ. ಕಾಲಿನ ಮುಂಭಾಗ ಇರಬೇಕು."

"ನೀವು ಬನ್ನಿ ಇಲ್ಲಿ," ಎಂದು ಉದ್ದಣ್ಣನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದರು. "ಪ್ಯಾಂಟ್ ಮೇಲೆತ್ತಿ. ಷೂ ಬಿಚ್ಚಿ."

"ನಾನೇನ್ ಮಾಡಿದೆ ಮೇಡಂ?"

"ಉದ್ದ ಕಾಲು. ಪಾಠಕ್ಕೆ ಅನುಕೂಲ."

ಡಾಕ್ಟರಮ್ಮ ಬಾಲ್‌ಪೆನ್ನಿನಿಂದ ಅವನ ಕಣಕಾಲಿನ ಮೇಲೆ ಗೆರೆ ಎಳೆದರು. "ಮೊಣಕಾಲಿನ ಹಿಂದೆ ದೊಡ್ಡ ಅಪಧಮನಿ ಇಳಿದು ಬರತ್ತೆ. ಅದರ ಒಂದು ಕವಲು ಇಲ್ಲಿ ಎರಡು ಮೂಳೆಗಳ ಸಂದಿಯಲ್ಲಿ ತೂರಿ ಮುಂದಕ್ಕೆ ಬರತ್ತೆ. ಮೂಳೆಗಳ ನಡುವೆ ಒಂದು ಗಟ್ಟಿ ಪೊರೆ ಇದೆ, ಅದಕ್ಕೆ ಒರಗಿಕೊಂಡು ಮಾಂಸದ ಅಡಿಯಲ್ಲಿ ಇಳಿಯತ್ತೆ. ಮೇಲೆ ಆಳದಲ್ಲಿರತ್ತೆ, ಕೆಳಗೆ ಬರ್ತಾ ಬರ್ತಾ ಚರ್ಮಕ್ಕೆ ಹತ್ತಿರ. ಕೊನೆಗೆ ಪಾದದ ಮೇಲೆ ಬರತ್ತೆ. ಇಲ್ಲಿ ಬೆರಳಿಡಿ."

ಇನ್‌ಸ್ಪೆಕ್ಟರ್ ಉದ್ದಣ್ಣನ ಪಾದದ ಮೇಲೆ ಬೆರಳಿಟ್ಟರು. ಚರ್ಮದಡಿಯಲ್ಲಿ ನಾಡಿ ಟಕ್ ಟಕ್ ಎನ್ನುತ್ತಿತ್ತು. ಮಾಮೂಲಿಗಿಂತ ಜೋರಾಗಿಯೇ.

"ಇದು ಪೂರ್ತಿ ತುಂಡಾದ್ರೆ ಒಂದು ಲೆಕ್ಕದಲ್ಲಿ ವಾಸಿ. ಎರಡು ತುದಿನೂ ಒಳಗೆ ಸೆಳ್ಕೊಂಡು ಮುಚ್ಕೊಳತ್ತೆ. ಅರ್ಧ ಸೀಳಿದ್ರೆ ಮುಚ್ಚೋಕೆ ಬರಲ್ಲ. ಹೊರಗೆ ಬಿಗಿಯಾಗಿ ಕಟ್ಟಿದ್ರೆ ರಕ್ತ ನಿಂತ ಹಾಗೆ ಕಾಣತ್ತೆ, ಒಳಗೆ ಸುರೀತಾನೇ ಇರತ್ತೆ. ಇಲ್ಲಿನ ಮಾಂಸ ಒಂದು ಬಿಗಿ ಚೀಲದಲ್ಲಿದೆ. ಆ ಚೀಲ ಹಿಗ್ಗಲ್ಲ. ರಕ್ತ ತುಂಬಿ ತುಂಬಿ, ಒಳಗಿನ ಮಾಂಸ, ನರ ಎಲ್ಲಾ ಉಸಿರುಕಟ್ಟಿ ಸಾಯತ್ತೆ. ಈ ಗೀರು ನೋಡಿ. ಪಾದ ಎತ್ತೋ ನರ ಆ ನಾಳದ ಜೊತೆಗೇ ಇಳಿಯತ್ತೆ. ಅದಕ್ಕೇ ಪೆಟ್ಟು ಬಿದ್ದಿದೆ. ಪಾದ ಏಳ್ತಿಲ್ಲ, ಬೆರಳು ನೆಲಕ್ಕೆ ಉಜ್ತಿದೆ."

"ಪಾದ ತಣ್ಣಗಾದ್ರೆ ಅವನಿಗೇ ಗೊತ್ತಾಗತ್ತಲ್ಲ? ಓಡಿ ಬರ್ತಾನೆ."

"ಅಲ್ಲೇ ಇರೋದು ಮೋಸ. ಹಿಂಭಾಗದಲ್ಲಿ ಇನ್ನೂ ಎರಡು ನಾಳ ಇವೆ. ಅವು ಪಾದಕ್ಕೆ ರಕ್ತ ಕೊಡ್ತಾನೇ ಇರ್ತವೆ. ಅಂಗಾಲಿನಿಂದ ಸುತ್ತಿ ಬಂದು ಈ ಮೇಲಿನ ನಾಡಿನೂ ಬಡೀಬಹುದು. ಪಾದ ಬೆಚ್ಚಗಿದೆ, ನಾಡಿ ಸಿಗ್ತಿದೆ, ಏನೂ ಆಗಿಲ್ಲ ಅಂತ ಕೂತಿರ್ತಾನೆ. ಮೇಲ್ಗಡೆ ಕಾಲು ಸಾಯ್ತಿರತ್ತೆ."

"ಎಷ್ಟು ಹೊತ್ತಿದೆ ನಮಗೆ?"

"ಬೆಳಕು ಹರಿಯೋ ಹೊತ್ತಿಗೆ ಆದ ಗಾಯ ಅಂದ್ಕೊಂಡ್ರೆ, ಮಧ್ಯಾಹ್ನಕ್ಕೆ ಮುಂಚೆ ತಂದ್ರೆ ಕಾಲು ಉಳಿಸ್ತೀನಿ. ತಡ ಆದ್ರೆ ಕಾಲು ತೆಗೀಬೇಕು. ಇನ್ನೂ ತಡ ಆದ್ರೆ ಸತ್ತ ಮಾಂಸದ ವಿಷ ಕಿಡ್ನಿಗೆ ಹೋಗತ್ತೆ. ಸಿಕ್ಕಿದ ಕೂಡಲೇ ಕಾಲಿನ ಹೆಬ್ಬೆರಳನ್ನ ಮೆಲ್ಲಗೆ ಕೆಳಕ್ಕೆ ಬಗ್ಗಿಸಿ. ಪ್ರಾಣ ಹೋಗೋ ಹಾಗೆ ಕಿರುಚಿದ್ರೆ ಒಂದು ನಿಮಿಷನೂ ಅಲ್ಲಿ ನಿಲ್ಲಬೇಡಿ. ನಿಮಗೆ ಅವನು ಕಳ್ಳ. ನನಗೆ ರೋಗಿ."

ಜೀಪಿನಲ್ಲಿ ಇನ್‌ಸ್ಪೆಕ್ಟರ್ ಯೋಚಿಸಿದರು. ಗಲ್ಲಾ ಬಿಟ್ಟು ಡಬ್ಬ ಮಾತ್ರ ಒಯ್ದವನಿಗೆ ಬೇಕಾಗಿದ್ದು ಡಬ್ಬವಲ್ಲ, ಅದರೊಳಗಿನ ಚಿತ್ರ. ಅಂಗಡಿಗೆ ವಾಪಸ್ಸು ಹೋಗಿ ಮಾಲೀಕನ ಮುಂದೆ ನಿಂತರು.

"ಡಬ್ಬದಲ್ಲಿ ಏನಿತ್ತು?"

"ಏನಿರತ್ತೆ ಸಾರ್? ಬರೋರು, ಹೋಗೋರು."

"ಯಾರಿಗೆ ಅದು ಬೇಕಿತ್ತು?"

ಮಾಲೀಕ ಛಾವಣಿಯ ಫ್ಯಾನು ನೋಡಿದ. ಕೌಂಟರಿನ ಹಿಂದೆ ಮಾತ್ರೆಯ ಪಟ್ಟಿ ಜೋಡಿಸುತ್ತಿದ್ದ ಹುಡುಗಿಯ ಕೈ ನಿಂತಿತು.

"ಹೇಳಮ್ಮ," ಎಂದರು ಇನ್‌ಸ್ಪೆಕ್ಟರ್. "ಒಬ್ಬ ಮನುಷ್ಯನ ಕಾಲು ಹೋಗ್ತಿದೆ."

"ಡ್ರಿಲ್ ಮೇಷ್ಟ್ರು ಸಾರ್," ಎಂದಳು. ಮಾತ್ರೆಯ ಪಟ್ಟಿಯನ್ನು ಕೆಳಗಿಟ್ಟಳು. "ನಮಗೆಲ್ಲ ಸ್ಕೂಲಲ್ಲಿ ಡ್ರಿಲ್ ಹೇಳಿಕೊಟ್ಟೋರು. ರಿಟೈರ್ ಆಗಿದಾರೆ. ಈಚೆಗೆ ಒಂದು ದಿನ ಬಂದು ತುಂಬ ಹೊತ್ತು ನಿಂತಿದ್ರು. ಕೌಂಟರಲ್ಲಿ ನಾನಿದ್ದೆ. ಆಮೇಲೆ... ದೊಡ್ಡೋರು ಹಾಕ್ಕೊಳ್ಳೋ ಡೈಪರ್ ಪ್ಯಾಕೆಟ್ಟು, ಅದನ್ನ ಜರ್ಕಿನ್ ಒಳಗೆ ಇಟ್ಕೊಂಡು ಹೋಗ್ಬಿಟ್ರು. ದುಡ್ಡಿಲ್ಲದೆ ಅಲ್ಲ ಸಾರ್. ನನ್ನ ಕೈಗೆ ಕೊಡೋಕೆ ನಾಚಿಕೆ. ಮಾರನೇ ದಿನ ದುಡ್ಡು ಹಿಡ್ಕೊಂಡು ಬಂದ್ರು. ಓನರ್ ತಗೊಳ್ಳಲಿಲ್ಲ."

"ಯಾಕೆ?"

ಹುಡುಗಿ ಮಾಲೀಕನನ್ನು ನೋಡಿದಳು. ಈಗ ಅವಳ ದನಿಯಲ್ಲಿ ಅಳುಕಿರಲಿಲ್ಲ.

"'ದುಡ್ಡು ಬೇಡ ಮೇಷ್ಟ್ರೇ, ನಿಮ್ಮ ಪರೇಡು ಡಬ್ಬದಲ್ಲಿ ಭದ್ರವಾಗಿದೆ. ದಿನಾ ಬೆಳಿಗ್ಗೆ ಅಂಗಡಿ ಮುಂದೆ ಬಂದು ನಂಗೊಂದು ಸೆಲ್ಯೂಟ್ ಹೊಡೀರಿ ಸಾಕು' ಅಂದ್ರು. ಮೇಷ್ಟ್ರು ದಿನಾ ಬಂದು ಹೊಡೀತಿದ್ರು."

"ತಮಾಷೆಗೆ ಸಾರ್!" ಎಂದ ಮಾಲೀಕ. "ಸ್ಕೂಲಲ್ಲಿ ನನ್ನ ಬಿಸಿಲಲ್ಲಿ ಎಷ್ಟು ಓಡಿಸಿದಾರೆ ಗೊತ್ತಾ? ಒಂದು ಸಣ್ಣ ತಮಾಷೆ. ಎಲ್ಲರೂ ನಕ್ಕಿದಾರೆ. ನಿಮ್ಮ ಠಾಣೆಯೋರೂ..."

ಇನ್‌ಸ್ಪೆಕ್ಟರ್ ಉದ್ದಣ್ಣನ ಕಡೆ ತಿರುಗಿದರು. ಉದ್ದಣ್ಣ ತನ್ನ ಎತ್ತರವನ್ನೆಲ್ಲ ಎಲ್ಲಿ ಬಚ್ಚಿಡಲಿ ಎಂಬಂತೆ ನಿಂತಿದ್ದ.

"ಅದರ ವಿಡಿಯೋ ನಂಗೂ ಬಂದಿತ್ತು ಸಾರ್. ಠಾಣೆ ಗ್ರೂಪಿಗೆ ನಾನೇ ಹಾಕಿದ್ದೆ. ಹೋದ ವಾರ."

ಇನ್‌ಸ್ಪೆಕ್ಟರ್ ಜೇಬಿನಿಂದ ಫೋನು ತೆಗೆದರು. ಗ್ರೂಪಿನಲ್ಲಿ ಮೇಲಕ್ಕೆ ಸರಿಸಿದಾಗ ವಿಡಿಯೋ ಸಿಕ್ಕಿತು. ಮೇಲಿನಿಂದ ಹಿಡಿದ ಮಸುಕು ಚಿತ್ರ; ನೆಟ್ಟನೆಯ ಬೆನ್ನಿನ ಒಬ್ಬ ಮುದುಕ ಅತ್ತಿತ್ತ ನೋಡಿ ಜರ್ಕಿನ್ ಜಿಪ್ಪು ಎಳೆಯುತ್ತಾನೆ. ಅಡಿಯಲ್ಲಿ ಯಾರೋ ಬರೆದ ಒಕ್ಕಣೆ: 'ಮೇಷ್ಟ್ರ ಡೈಪರ್ ಪರೇಡ್'. ಅದರ ಕೆಳಗೆ ನಗುವ ಮುಖಗಳ ಸಾಲು. ಮೊದಲನೆಯದು ತಮ್ಮದೇ. ಯಾವಾಗ ಒತ್ತಿದ್ದರೋ ನೆನಪಿರಲಿಲ್ಲ. ಕಾಫಿ ಕುಡಿಯುತ್ತಲೋ, ಮೀಟಿಂಗಿನಲ್ಲೋ, ಪೂರ್ತಿ ನೋಡದೆ ಹೆಬ್ಬೆರಳು ಒತ್ತಿ ಮುಂದೆ ಹೋಗಿದ್ದರು. ಇಡೀ ಊರಿನ ಜೇಬಿನಲ್ಲಿರುವುದನ್ನು ಮುಚ್ಚಿಡಲು ಆ ಮನುಷ್ಯ ಒಂದು ಡಬ್ಬಕ್ಕಾಗಿ ಗಾಜಿನ ಮೇಲೆ ಹತ್ತಿದ್ದ.

"ಮನೆ ಎಲ್ಲಿ?" ಎಂದಷ್ಟೇ ಕೇಳಿದರು.

ಬಾಗಿಲು ತೆರೆದವರು ಮೇಷ್ಟ್ರ ಹೆಂಡತಿ. ಖಾಕಿ ಬಟ್ಟೆ ಕಂಡದ್ದೇ ಸೆರಗಿಗೆ ಕೈ ಒರೆಸುವುದನ್ನು ನಿಲ್ಲಿಸಿದರು.

"ಮೇಷ್ಟ್ರು ಇದಾರಾಮ್ಮ?"

"ಗ್ರೌಂಡಿಗೆ ಹೋದ್ರು. ನಸುಕಲ್ಲೇ ಎದ್ದು ಹೋಗ್ತಾರೆ, ದಿನಾ."

"ವಾಪಸ್ ಬರಲಿಲ್ಲವಾ?"

"ಇಲ್ಲ. ತಿಂಡಿ ಮುಚ್ಚಿಟ್ಟಿದ್ದೀನಿ."

"ಗ್ರೌಂಡಲ್ಲಿ ಕೂರೋಕೆ ಜಾಗ ಏನಾದ್ರೂ ಇದೆಯಾ?"

"ಆಟದ ಸಾಮಾನಿನ ಕೋಣೆ ಇದೆ. ಬೀಗದ ಕೈ ಇವರ ಹತ್ರಾನೇ ಇನ್ನೂ ಇದೆ." ಆಮೇಲೆ ಆಕೆ ಯಾಕೆ, ಏನು ಎಂದು ಕೇಳಲಿಲ್ಲ. "ಅವರಿಗೆ ಏನಾಗಿದೆ?" ಎಂದರು.

"ಕಾಲಿಗೆ ಪೆಟ್ಟಾಗಿದೆ. ನೀವು ಆಸ್ಪತ್ರೆಗೆ ಬಂದುಬಿಡಿ."

ಗ್ರೌಂಡಿನಲ್ಲಿ ಹುಡುಗರು ಓಟದ ಅಭ್ಯಾಸ ಮಾಡುತ್ತಿದ್ದರು. ಮೇಷ್ಟ್ರನ್ನು ಯಾರೂ ನೋಡಿರಲಿಲ್ಲ. ಆದರೆ ಹಿಂದಿನ ಗೇಟಿನಿಂದ ಸಾಮಾನಿನ ಕೋಣೆಯವರೆಗೆ ನುಣುಪು ಮಣ್ಣಿನಲ್ಲಿ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಬೆರಳು ಎಳೆದ ಗೀರಿತ್ತು. ಬಾಗಿಲಿಗೆ ಬೀಗವಿರಲಿಲ್ಲ, ಒಳಗಿನಿಂದ ಚಿಲಕ ಹಾಕಿತ್ತು.

"ಮೇಷ್ಟ್ರೇ, ಬಾಗಿಲು ತೆಗೀರಿ. ಪೊಲೀಸು."

ಒಂದು ಕಾಲಕ್ಕೆ ಮೈದಾನದ ಆ ತುದಿಗೂ ಕೇಳುತ್ತಿದ್ದಿರಬಹುದಾದ ದನಿ ಈಗ ಪಿಸುಮಾತಿನಷ್ಟಾಗಿ ಬಂತು.

"ಎಷ್ಟು ಜನ ಇದ್ದೀರಿ?"

"ಇಬ್ಬರು. ಒಳಗೆ ನಾನೊಬ್ಬನೇ ಬರ್ತೀನಿ. ಇವನು ಹುಡುಗರನ್ನ ಆಚೆ ಕಳಿಸ್ತಾನೆ."

ಚಿಲಕ ಸರಿಯಲು ಹೊತ್ತು ಹಿಡಿಯಿತು. ಹರ್ಡಲ್ಸುಗಳ, ಜಾವೆಲಿನ್ನುಗಳ ನಡುವೆ ಹೈಜಂಪಿನ ಮೆತ್ತೆ. ಮೇಷ್ಟ್ರು ತೆವಳಿ ಮತ್ತೆ ಅದರ ಮೇಲೆ ಹೋಗಿ ಗೋಡೆಗೆ ಒರಗಿದರು. ಡಬ್ಬ ಪಕ್ಕದಲ್ಲೇ ಇತ್ತು. ಬಲಗಾಲಿಗೆ ಕ್ರೇಪ್ ಬ್ಯಾಂಡೇಜು ಬಿಗಿದಿತ್ತು, ಅಚ್ಚುಕಟ್ಟಾಗಿ, ಒಂದು ಸುಕ್ಕಿಲ್ಲದೆ. ಎರಡು ಕೈಗಳನ್ನೂ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದರು. ಕೋಣೆಯಲ್ಲಿ ರಕ್ತದ ವಾಸನೆಯ ಜೊತೆ ಇನ್ನೊಂದು ವಾಸನೆಯೂ ಇತ್ತು.

"ಡಬ್ಬ ತಗೊಂಡು ಹೋಗಿ. ನಾನು ಕತ್ತಲಾದ ಮೇಲೆ ಸ್ಟೇಷನ್ನಿಗೆ ಬರ್ತೀನಿ."

"ನಿಮ್ಮ ಕಾಲು..."

"ಏನೂ ಆಗಿಲ್ಲ. ಪ್ರಥಮ ಚಿಕಿತ್ಸೆ ಪಾಠ ಮಾಡಿದವನು ನಾನು. ಗಳಿಗೆಗೊಮ್ಮೆ ನೋಡ್ಕೊಳ್ತಿದ್ದೀನಿ. ಪಾದ ಬೆಚ್ಚಗಿದೆ. ನಾಡಿ ಇದೆ. ಬೇಕಾದ್ರೆ ಮುಟ್ಟಿ ನೋಡಿ."

ಇನ್‌ಸ್ಪೆಕ್ಟರ್ ಮುಟ್ಟಿದರು. ನಿಜ, ಪಾದ ಬೆಚ್ಚಗಿತ್ತು. ಸಣ್ಣಗೆ ನಾಡಿಯೂ ಬಡಿಯುತ್ತಿತ್ತು. ಕೈ ಮೇಲಕ್ಕೆ ತಂದರು. ಬ್ಯಾಂಡೇಜಿನ ಅಂಚಿನಲ್ಲಿ ಕಣಕಾಲು ಮರದ ಕೊರಡಿನಷ್ಟು ಗಟ್ಟಿಯಾಗಿ, ಮಿರಮಿರ ಮಿನುಗುತ್ತಿತ್ತು. ಹೆಬ್ಬೆರಳನ್ನು ಮೆಲ್ಲಗೆ ಕೆಳಕ್ಕೆ ಬಗ್ಗಿಸಿದರು.

ಮೇಷ್ಟ್ರು ಕಿರುಚಲಿಲ್ಲ. ಜರ್ಕಿನ್ನಿನ ತೋಳನ್ನು ಬಾಯಿಗೆ ತುರುಕಿಕೊಂಡರು. ಕಣ್ಣಿನಿಂದ ನೀರು ತಾನಾಗಿ ಇಳಿಯಿತು.

"ಹೊರಡಬೇಕು. ಈಗಲೇ. ಇಲ್ಲದಿದ್ರೆ ಕಾಲು ಕತ್ತರಿಸ್ತಾರೆ."

"ಕತ್ತರಿಸಲಿ. ಹೀಗೆ ನಾನು ಆಚೆ ಬರಲ್ಲ."

"ಮೇಷ್ಟ್ರೇ..."

"ಹುಡುಗರಿದಾರೆ ಅಲ್ಲಿ!" ಅಷ್ಟು ಹೊತ್ತು ಅಡ್ಡವಿದ್ದ ಕೈಯನ್ನು ತುಸು ಸರಿಸಿದರು. "ಇದು ಬರೀ ರಕ್ತ ಅಲ್ಲ ಇನ್‌ಸ್ಪೆಕ್ಟ್ರೇ. ನಿಮಗೆ ಗೊತ್ತಾಗಲ್ಲವಾ? ಪ್ರಾಸ್ಟೇಟ್ ಆಪರೇಷನ್ ಆದಾಗಿನಿಂದ ನನ್ನ ಮೈ ನನ್ನ ಮಾತು ಕೇಳಲ್ಲ. ಸಾವಿರ ಮಕ್ಕಳನ್ನ ಅಟೆನ್ಷನ್ನಲ್ಲಿ ನಿಲ್ಲಿಸಿದವನು ನಾನು. ಪ್ರತಿ ಸಲ ಬಸ್ ಹತ್ತಿ ಬೇರೆ ಊರಿಗೆ ಹೋಗಿ ತರ್ತಿದ್ದೆ. ಆವತ್ತೊಂದು ದಿನ ಬಸ್ ತಪ್ಪಿತು. ಒಂದೇ ಒಂದು ದಿನ."

ಮೂಲೆಯಲ್ಲಿ ನೀರಿನ ಡ್ರಮ್ಮಿತ್ತು. ಅದರಲ್ಲಿ ಬಕೆಟ್ಟು ತೇಲುತ್ತಿತ್ತು. ಇನ್‌ಸ್ಪೆಕ್ಟರ್ ಎದ್ದು ಹೋಗಿ ಬಕೆಟ್ಟು ತುಂಬಿಸಿದರು. ಗಾಯಕ್ಕೆ ತಾಗದಂತೆ, ಮೇಷ್ಟ್ರ ಎದೆಯಿಂದ ತೊಡೆಯವರೆಗೆ ಸುರಿದರು. ಇನ್ನೊಂದು ಬಕೆಟ್ಟು ತುಂಬಿ ತಮ್ಮ ಮೈಮೇಲೂ ಸುರಿದುಕೊಂಡರು. ಖಾಕಿ ಮೈಗಂಟಿತು.

"ಈಗ ಇದು ಬರೀ ನೀರು," ಎಂದರು. "ಕೈ ಕೊಡಿ."

ಬಿಗಿದ ಬ್ಯಾಂಡೇಜನ್ನು ಬಿಚ್ಚಿ ಗಾಯದ ಮೇಲೆ ಕರ್ಚೀಫು ಒತ್ತಿ, ಹೊತ್ತುಕೊಂಡು ಹೊರಗೆ ಬಂದಾಗ ಉದ್ದಣ್ಣ ಬಾಯಿ ತೆರೆದ.

"ಇದೇನ್ ಸಾರ್, ಇಬ್ಬರೂ ಒದ್ದೆ?"

"ಡ್ರಮ್ ಉರುಳಿತು. ಜೀಪ್ ತೆಗಿ."

ಡಾಕ್ಟರಮ್ಮ ಬಾಗಿಲಲ್ಲೇ ಕಾದಿದ್ದರು. ಕಾಲಿನ ಆ ಬಿಗಿ ಚೀಲವನ್ನು ಉದ್ದಕ್ಕೆ ಸೀಳಿ, ಹೆಪ್ಪುಗಟ್ಟಿದ ರಕ್ತ ತೆಗೆದು, ಹರಿದ ನಾಳವನ್ನು ಹೊಲಿದರು. ಮಧ್ಯಾಹ್ನ ದಾಟಿದ ಮೇಲೆ ಹೊರಬಂದು, "ಕಾಲು ಉಳೀತು," ಎಂದರು. "ಆದ್ರೆ ನರ ತುಂಬಾ ನರಳಿದೆ. ಪಾದ ಎತ್ತೋಕೆ ಬರತ್ತೋ ಇಲ್ವೋ ಹೇಳೋಕಾಗಲ್ಲ. ನಡೆಯೋಕೆ ಪಾದ ಎತ್ತಿ ಹಿಡಿಯೋ ಪಟ್ಟಿ ಹಾಕಬೇಕಾಗಬಹುದು."

ಆ ಸಂಜೆ ಇನ್‌ಸ್ಪೆಕ್ಟರ್ ಗ್ರೂಪಿನಲ್ಲಿದ್ದ ತಮ್ಮ ನಗುಮುಖವನ್ನು ತೆಗೆದರು. ವಿಡಿಯೋ ಅಳಿಸುವಂತೆ ಎಲ್ಲರಿಗೂ ಬರೆದರು. ಉದ್ದಣ್ಣ ತನ್ನದನ್ನು ಅಳಿಸಿದ. ಅದು ಇದ್ದ ಜಾಗದಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲು ಉಳಿಯಿತು. ಮೆಡಿಕಲ್ ಶಾಪಿನವನನ್ನು ಕರೆಸಿದರೆ, "ದೂರು ಕೊಟ್ಟೋನು ನಾನು, ನನ್ನನ್ನೇ ಕೇಳ್ತೀರಲ್ಲ ಸಾರ್," ಎಂದ. ಅವನ ಮೇಲೆ ಮೇಷ್ಟ್ರು ಪ್ರತಿದೂರು ಕೊಡಬಹುದಿತ್ತು. ಕೊಡಲು ಒಪ್ಪಲಿಲ್ಲ. ಕೊಟ್ಟರೆ ಅದನ್ನೆಲ್ಲ ಕೋರ್ಟಿನಲ್ಲಿ ಮತ್ತೊಮ್ಮೆ ಬಾಯಿಬಿಟ್ಟು ಹೇಳಬೇಕಿತ್ತು.

ಗುರುವಾರ ಬೆಳಿಗ್ಗೆ ವಾರ್ಡಿನಲ್ಲಿ ದಸ್ತಗಿರಿ ನಡೆಯಿತು. ಇನ್‌ಸ್ಪೆಕ್ಟರ್ ಮಂಚದ ಸುತ್ತ ಪರದೆ ಎಳೆಸಿ, ಕಾರಣಗಳನ್ನು ತಗ್ಗಿದ ದನಿಯಲ್ಲಿ ಓದಿ ಹೇಳಿದರು. ಜಾಮೀನು ಸಿಗುತ್ತದೆ ಎಂದೂ ಹೇಳಿದರು. ಮೇಷ್ಟ್ರು ದಿಂಬಿಗೆ ಒರಗಿಯೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಿ, ಸಹಿ ಹಾಕಿದರು.

"ಒಂದು ಮಾತು. ಕಳ್ಳತನ ಅಂತ ಬರೀರಿ. ಯಾಕೆ ಅಂತ ಬರೀಬೇಡಿ."

"ಕಾರಣ ಇದ್ರೆ ಜಡ್ಜ್ ಸಾಹೇಬ್ರು ಕನಿಕರ ತೋರಿಸ್ತಾರೆ, ಮೇಷ್ಟ್ರೇ. ಇಲ್ಲದಿದ್ರೆ ಶಿಕ್ಷೆ ಜಾಸ್ತಿ ಆಗಬಹುದು."

"ಆಗಲಿ. ಕಳ್ಳ ಅಂದ್ರೆ ತಡ್ಕೋತೀನಿ." ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. "ಡಬ್ಬ ನಿಮ್ಮ ವಶದಲ್ಲಿದೆಯಲ್ಲ? ಅಂದ್ರೆ ಇನ್ನೂ ಯಾರೂ ನೋಡಿಲ್ಲ ತಾನೆ?"

ಪರದೆಯಾಚೆ ಯಾರದೋ ಟ್ರಾಲಿ ಉರುಳಿಕೊಂಡು ಹೋಯಿತು.

"ಇಲ್ಲ," ಎಂದರು ಇನ್‌ಸ್ಪೆಕ್ಟರ್. "ಯಾರೂ ನೋಡಿಲ್ಲ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಮುಖದ ಬಿಗಿ ಮೆಲ್ಲಗೆ ಸಡಿಲವಾಯಿತು.

ಹೊರಗೆ ಕಾರಿಡಾರಿನಲ್ಲಿ ಅವರ ಹೆಂಡತಿ ಬೆಂಚಿನ ಮೇಲೆ ಕೂತಿದ್ದರು. ಇನ್‌ಸ್ಪೆಕ್ಟರ್ ಹತ್ತಿರ ಬಂದಾಗ ಏಳಹೋದರು. ಇವರೇ ಬೇಡವೆಂದು ಪಕ್ಕದಲ್ಲಿ ಕೂತರು.

"ಒಳಗೆ ನೀವು ಹೇಳಿದ್ದು ಕೇಳಿಸ್ತು," ಎಂದರು ಆಕೆ. "ಹಾಗೇ ಹೇಳಬೇಕಿತ್ತು. ನನ್ನ ಫೋನಿಗೂ ಬಂದಿತ್ತು ಅದು. ನಮ್ಮ ನಾದಿನಿ ಕಳಿಸಿದ್ದು. ಅಳಿಸಿ ಹಾಕಿ, ಅವರಿಗೆ ಊಟಕ್ಕೆ ಬಡಿಸಿದೆ."

"ಅವರ ಕಾಯಿಲೆ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊರಕೆ ಹೊಡೀತೀನಿ ಅಂತ ಬೇರೆ ಕೋಣೇಲಿ ಮಲಗೋಕೆ ಶುರು ಮಾಡಿದ್ರು. ಗೊರಕೆಯ ಸದ್ದೇ ಇಲ್ಲ. ಹಾಸಿಗೆ ಒಗೆಯೋಳು ನಾನೇ ಅಲ್ವಾ? ನಂಗೆ ಗೊತ್ತು ಅಂತ ಗೊತ್ತಾದ್ರೆ ಅವರು ತಲೆ ಎತ್ತಲ್ಲ ಅಂತ ಸುಮ್ಮನಿದ್ದೆ." ಆಕೆ ಮಡಿಲಲ್ಲಿದ್ದ ಟಿಫಿನ್ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಮುಚ್ಚಿದರು. "ಮುಚ್ಚಿಡಬಾರದಿತ್ತೇನೋ. ಒಂದು ಸಲ ನಾನೇ ಹೋಗಿ ತಂದಿದ್ರೆ ಆಗ್ತಿತ್ತು. ನಂಗೂ ನಾಚಿಕೆ. ಆ ಹುಡುಗಿ ಏನಂದ್ಕೋತಾಳೋ ಅಂತ."

ಇನ್‌ಸ್ಪೆಕ್ಟರ್ ತಮ್ಮ ಷೂ ನೋಡುತ್ತ ಕೂತರು. ತಾವೂ ಆ ನಗುಮುಖ ಒತ್ತಿದ್ದನ್ನು ಹೇಳದೆಯೇ ಟೋಪಿ ಎತ್ತಿಕೊಂಡು ಎದ್ದರು.

ತನಿಖೆ ಮುಗಿದು ದೋಷಾರೋಪ ಪಟ್ಟಿ ಸಿದ್ಧವಾಯಿತು. ಉದ್ದಣ್ಣ ಕರಡು ತಂದು ಮುಂದಿಟ್ಟ. ಕೃತ್ಯದ ಉದ್ದೇಶ ಎಂಬಲ್ಲಿ ಜಾಗ ಖಾಲಿ ಬಿಟ್ಟಿದ್ದ. ಇನ್‌ಸ್ಪೆಕ್ಟರ್ ಪೆನ್ನು ಹಿಡಿದು ತುಂಬಾ ಹೊತ್ತು ಕೂತರು. ಕೊನೆಗೆ ಇಷ್ಟೇ ಬರೆದರು: 'ಆರೋಪಿಯು ಮಾನಕ್ಕೆ ಅಂಜಿ ಸದರಿ ಕೃತ್ಯವನ್ನು ಎಸಗಿರುತ್ತಾರೆ.'

ಆರೋಪಿಗೆ ಬಹುವಚನ ಹಾಕುವ ರೂಢಿ ಠಾಣೆಯಲ್ಲಿರಲಿಲ್ಲ. ಉದ್ದಣ್ಣ ಓದಿದ, ತಿದ್ದಲಿಲ್ಲ.

"ಯಾರಿಗೆ ಅಂಜಿ ಅಂತ ಕೋರ್ಟಲ್ಲಿ ಕೇಳಿದ್ರೆ, ಸಾರ್?"

ಇನ್‌ಸ್ಪೆಕ್ಟರ್ ಸಹಿ ಹಾಕಿ ಹಾಳೆಯನ್ನು ಅವನ ಕಡೆ ಸರಿಸಿದರು. ಉತ್ತರಕ್ಕೆ ಕಾಯದೆ, ಮುಖ ನೋಡದೆ, ಉದ್ದಣ್ಣ ಅದನ್ನು ತೆಗೆದುಕೊಂಡು ಬಾಗಿಲಲ್ಲಿ ತಲೆ ತಗ್ಗಿಸಿ ಹೊರಗೆ ಹೋದ.